ಕೂದಲು ಉದುರುವಾಗ ಅವಸರ ಬೇಡ

(ಮಂಡ್ಯದ ಕಾಲೇಜೊಂದರಲ್ಲಿ ವಿದ್ಯಾರ್ಥಿಗಳು ಮತ್ತು ಪೋಷಕರ ಮುಂದೆ ಚರ್ಮರೋಗ ವೈದ್ಯರೊಬ್ಬರು ಆಡಿದ ಮಾತುಗಳ ಬರಹ ರೂಪ)

ಕೂದಲು ಉದುರುತ್ತಿದೆ ಎಂದು ನನ್ನ ಬಳಿ ಬರುವ ಹುಡುಗರು ಮೊದಲು ಹೇಳುವುದು ಬಹುಮಟ್ಟಿಗೆ ಒಂದು ತಾರೀಖನ್ನು. ‘ಆಷಾಢ ಕಳೆದ ಮೇಲೆ ಹೆಣ್ಣು ನೋಡೋಕೆ ಹೋಗ್ಬೇಕು ಸಾರ್’, ‘ಮುಂದಿನ ತಿಂಗಳು ನಿಶ್ಚಿತಾರ್ಥ, ಅಷ್ಟರೊಳಗೆ ಏನಾದ್ರೂ ಮಾಡಿ’, ‘ಕ್ಯಾಂಪಸ್ ಇಂಟರ್‌ವ್ಯೂ ಇದೆ’. ತಲೆ ನೋಡುವ ಮೊದಲೇ ನನಗೆ ಗಡುವು ಸಿಕ್ಕಿರುತ್ತದೆ. ಇವತ್ತು ನಾನು ಹೇಳಬೇಕೆಂದುಕೊಂಡಿರುವುದೆಲ್ಲ ಈ ಗಡುವಿನ ಸುತ್ತಲೇ ಇದೆ. ಕೂದಲು ಬೆಳೆಯುವುದು, ಉದುರುವುದು, ಔಷಧಿಗೆ ಒಗ್ಗುವುದು ಎಲ್ಲವೂ ತಿಂಗಳುಗಳ ಲೆಕ್ಕದಲ್ಲಿ ನಡೆಯುತ್ತದೆ. ನಮ್ಮ ಆತಂಕ ದಿನಗಳ ಲೆಕ್ಕದಲ್ಲಿ ಓಡುತ್ತದೆ. ಹುಡುಗರು ದುಡ್ಡು ಕಳೆದುಕೊಳ್ಳುವುದು, ಮನಸ್ಸು ಕೆಡಿಸಿಕೊಳ್ಳುವುದು ಈ ಎರಡು ಲೆಕ್ಕಗಳು ತಾಳೆಯಾಗದೆ ಇರುವುದರಿಂದಲೇ.

ಮೊದಲು ಕೂದಲಿನ ಲೆಕ್ಕ ನೋಡೋಣ. ನಮ್ಮ ತಲೆಯ ಮೇಲೆ ಹತ್ತಿರ ಹತ್ತಿರ ಒಂದು ಲಕ್ಷ ಕೂದಲಿರುತ್ತವೆ. ಒಂದೊಂದು ಕೂದಲೂ ಎರಡರಿಂದ ಆರು ವರ್ಷ ಬೆಳೆಯುತ್ತದೆ, ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್. ಆಮೇಲೆ ಎರಡು ಮೂರು ವಾರಗಳಲ್ಲಿ ಬೆಳವಣಿಗೆ ನಿಂತು, ಮೂರು ತಿಂಗಳಷ್ಟು ಕಾಲ ಬೇರಿನಲ್ಲಿ ಸುಮ್ಮನೆ ಇದ್ದು, ಉದುರಿ ಹೋಗುತ್ತದೆ. ಅದೇ ಜಾಗದಿಂದ ಇನ್ನೊಂದು ಕೂದಲು ಹುಟ್ಟುತ್ತದೆ. ಹೀಗಾಗಿ ದಿನಕ್ಕೆ 50ರಿಂದ 100 ಕೂದಲು ಉದುರುವುದು ಆರೋಗ್ಯವಂತರಲ್ಲೂ ಇರುವುದೇ. ಇದರಲ್ಲಿ ನೀವು ಗಟ್ಟಿಯಾಗಿ ಹಿಡಿದುಕೊಳ್ಳಬೇಕಾದದ್ದು ಆ ಮೂರು ತಿಂಗಳನ್ನು. ಇವತ್ತು ನಿಮ್ಮ ಬಾಚಣಿಗೆಗೆ ಬಂದ ಕೂದಲಿನ ಬೆಳವಣಿಗೆ ಮೂರು ತಿಂಗಳ ಹಿಂದೆಯೇ ನಿಂತಿತ್ತು.

ಇದನ್ನು ಒಂದು ಉದಾಹರಣೆಯಿಂದ ನೋಡಿ. ಮಳೆಗಾಲದಲ್ಲಿ ನಮ್ಮ ಕಡೆ ಡೆಂಗಿ, ಚಿಕೂನ್‌ಗುನ್ಯ ಬರುತ್ತವೆ. ಆಗಸ್ಟ್‌ನಲ್ಲಿ ಒಬ್ಬ ಹುಡುಗ ಜ್ವರದಲ್ಲಿ ಮಲಗುತ್ತಾನೆ, ವಾರದಲ್ಲಿ ಎದ್ದು ಓಡಾಡುತ್ತಾನೆ. ನವೆಂಬರ್ ಹೊತ್ತಿಗೆ ಬಚ್ಚಲಿನ ಜಾಲರಿ ಕಟ್ಟಿಕೊಳ್ಳುವಷ್ಟು ಕೂದಲು ಉದುರತೊಡಗುತ್ತದೆ. ಜ್ವರ ಯಾರ ನೆನಪಿನಲ್ಲೂ ಇಲ್ಲ. ಅಕ್ಟೋಬರ್‌ನಲ್ಲಿ ಬದಲಾಯಿಸಿದ ಶಾಂಪೂ ನೆನಪಿಗೆ ಬರುತ್ತದೆ, ಬೈಗುಳ ಅದಕ್ಕೆ. ಡಿಸೆಂಬರ್‌ನಲ್ಲಿ ಯಾರೋ ಹೇಳಿದ ಒಂದು ಎಣ್ಣೆ ಶುರು ಮಾಡುತ್ತಾನೆ. ಮಾರ್ಚ್–ಏಪ್ರಿಲ್ ಹೊತ್ತಿಗೆ ಉದುರುವುದು ನಿಂತು ಚಿಕ್ಕ ಚಿಕ್ಕ ಕೂದಲು ಕಾಣಿಸುತ್ತವೆ. ಜ್ವರದಿಂದ ಉದುರಿದ ಕೂದಲು ಸಾಮಾನ್ಯವಾಗಿ ಆರು ತಿಂಗಳ ಆಸುಪಾಸಿನಲ್ಲಿ ತಾನಾಗಿಯೇ ಮರಳುತ್ತದೆ. ಆದರೆ ಹೆಸರು ಬರುವುದು ಎಣ್ಣೆಗೆ. ಆ ಹುಡುಗ ಸುಳ್ಳು ಹೇಳುತ್ತಿಲ್ಲ, ಅವನು ಕಣ್ಣಾರೆ ಕಂಡಿದ್ದನ್ನೇ ಹೇಳುತ್ತಿದ್ದಾನೆ. ಅವನ ಮಾತು ಕೇಳಿ ಅದೇ ಎಣ್ಣೆ ಕೊಂಡ ಅವನ ಗೆಳೆಯನಿಗೆ ಇರುವುದು ಬೇರೆಯದೇ ತೊಂದರೆ. ಟೈಫಾಯಿಡ್, ಆಪರೇಷನ್, ಊಟ ಬಿಟ್ಟು ಹಠಾತ್ತನೆ ತೂಕ ಇಳಿಸಿಕೊಳ್ಳುವುದು, ಥೈರಾಯ್ಡ್, ರಕ್ತಹೀನತೆ ಇವೆಲ್ಲವೂ ಕೂದಲನ್ನು ಹೀಗೇ ಉದುರಿಸಬಲ್ಲವು. ಅದಕ್ಕೇ ನಾನು ಬಂದವರನ್ನು ‘ಮೂರು ತಿಂಗಳ ಹಿಂದೆ ಏನಾಗಿತ್ತು?’ ಎಂದು ಕೇಳುತ್ತೇನೆ.

ಇನ್ನು ಕೆಲವರಿಗೆ ನಾಣ್ಯದಷ್ಟು ಅಗಲಕ್ಕೆ, ದುಂಡಗೆ, ನುಣ್ಣಗೆ ಕೂದಲು ಹೋಗುತ್ತದೆ. ತಲೆಯಲ್ಲಿ, ಇಲ್ಲವೇ ಗಡ್ಡದಲ್ಲಿ. ‘ಹುಳ ತಿಂದಿದೆ’ ಎನ್ನುತ್ತೇವೆ. ಅಲ್ಲಿ ಯಾವ ಹುಳವೂ ಇಲ್ಲ. ನಮ್ಮದೇ ರೋಗನಿರೋಧಕ ಶಕ್ತಿ ಕೂದಲಿನ ಬೇರಿನ ಮೇಲೆ ತಿರುಗಿಬಿದ್ದಿರುತ್ತದೆ. ಬೆಳ್ಳುಳ್ಳಿ ತಿಕ್ಕಿ ತಿಕ್ಕಿ ಬೊಬ್ಬೆ ಎಬ್ಬಿಸಿಕೊಂಡು ಬಂದವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಸಣ್ಣ ತೇಪೆಗಳು ಬಹಳ ಸಲ ತಾವಾಗಿಯೇ ತುಂಬಿಕೊಳ್ಳುತ್ತವೆ, ಬೇಕಾದರೆ ಅದಕ್ಕೆ ಇಂಜೆಕ್ಷನ್ ಇದೆ. ಆದರೆ ಕೂದಲು ಹೋದ ಜಾಗದಲ್ಲಿ ಉರಿ, ಕೀವು, ಹೊಟ್ಟು ಕಟ್ಟಿದ ಕೆಂಪು ಇದ್ದರೆ, ಚರ್ಮ ಗಾಯದ ಕಲೆಯಂತೆ ಹೊಳೆಯುತ್ತಿದ್ದರೆ, ನಾನು ಈಗ ಹೇಳುತ್ತಿರುವ ‘ಅವಸರ ಬೇಡ’ ಎನ್ನುವ ಮಾತು ನಿಮಗೆ ಅನ್ವಯಿಸುವುದಿಲ್ಲ. ಅಂಥವರು ನಾಳೆಯೇ ತೋರಿಸಿಕೊಳ್ಳಿ. ಅಲ್ಲಿ ಬೇರು ಸುಟ್ಟು ಹೋದರೆ ಮತ್ತೆ ಹುಟ್ಟುವುದಿಲ್ಲ.

ಈಗ ಈ ಸಭಾಂಗಣ ಯಾಕೆ ತುಂಬಿದೆಯೋ ಆ ವಿಷಯಕ್ಕೆ ಬರುತ್ತೇನೆ. ಹಣೆಯ ಎರಡು ಮೂಲೆ ಹಿಂದಕ್ಕೆ ಸರಿಯುವುದು, ನೆತ್ತಿ ತೆಳುವಾಗುವುದು, ನಿಧಾನಕ್ಕೆ ಎರಡೂ ಒಂದಾಗುವುದು. ಗಂಡಸರ ಬೋಳುತಲೆಯ ದಾರಿ ಇದು. ಮುಂದಿನದು ಕನ್ನಡಿಯಲ್ಲಿ ನಮಗೇ ಕಾಣುತ್ತದೆ. ನೆತ್ತಿಯದು ಗೊತ್ತಾಗುವುದು ಕಟಿಂಗ್ ಶಾಪಿನಲ್ಲಿ. ಕೆಲಸ ಮುಗಿದ ಮೇಲೆ ಅವರು ಕೈಗನ್ನಡಿಯನ್ನು ತಲೆಯ ಹಿಂದೆ ಹಿಡಿಯುತ್ತಾರಲ್ಲ, ಸರಿಯಾಗಿದೆಯಾ ಎಂದು ತೋರಿಸಲು. ಆಗ ಎದುರಿನ ದೊಡ್ಡ ಕನ್ನಡಿಯಲ್ಲಿ, ಟ್ಯೂಬ್‌ಲೈಟಿನ ಬೆಳಕಿನಲ್ಲಿ, ಸುಳಿಯ ಸುತ್ತ ಚರ್ಮ ಬಿಳಿಚಿಕೊಂಡು ಕಾಣುತ್ತದೆ. ಎಷ್ಟೋ ಹುಡುಗರು ನನಗೆ ಹೇಳಿದ್ದಾರೆ: ಕುರ್ಚಿಯಿಂದ ಎದ್ದು ದುಡ್ಡು ಕೊಟ್ಟು ಹೊರಗೆ ಬಂದಿದ್ದೇ ಗೊತ್ತಾಗಲಿಲ್ಲ ಅಂತ. ಆ ಕ್ಷೌರಿಕರ ಬಗ್ಗೆ ಒಂದು ಮಾತು. ವರ್ಷಗಟ್ಟಲೆ ನಿಮ್ಮ ತಲೆಯನ್ನು ಕೈಯಲ್ಲಿ ಹಿಡಿದು ನೋಡಿದವರು ಅವರು. ನಿಮ್ಮ ಮನಸ್ಸಿಗೆ ನೋವಾಗಬಾರದೆಂದು ಹೇಳದೆ ಸುಮ್ಮನಿರುತ್ತಾರೆ. ‘ಯಾವಾಗಿನಿಂದ ತೆಳ್ಳಗಾಗಿದೆ ಅಣ್ಣ?’ ಎಂದು ಕೇಳಿ ನೋಡಿ. ನಿಮಗಿಂತ ಸರಿಯಾದ ಉತ್ತರ ಅವರ ಬಳಿ ಇರುತ್ತದೆ.

ಇದಕ್ಕೆ ಕಾರಣ ಏನು ಎನ್ನುವುದು ಗೊತ್ತಾಗಿ ಬಹಳ ಕಾಲವಾಯಿತು. 1942ರಲ್ಲಿ ಜೇಮ್ಸ್ ಹ್ಯಾಮಿಲ್ಟನ್ ಎನ್ನುವ ಅಮೆರಿಕದ ಅಂಗರಚನಾ ಶಾಸ್ತ್ರಜ್ಞರು, ಹರೆಯಕ್ಕೆ ಬರುವ ಮೊದಲೇ ವೃಷಣ ಕಳೆದುಕೊಂಡ ಗಂಡಸರ ತಲೆ ಬೋಳಾಗುವುದಿಲ್ಲ ಎಂದು ತೋರಿಸಿಕೊಟ್ಟರು. ಅಂಥವರಿಗೆ ಟೆಸ್ಟೋಸ್ಟಿರೋನ್ ಎನ್ನುವ ಗಂಡು ಹಾರ್ಮೋನ್ ಕೊಟ್ಟಾಗ, ಮನೆತನದಲ್ಲಿ ಬೋಳುತಲೆ ಇದ್ದವರಿಗೆ ಕೂದಲು ಉದುರತೊಡಗಿತು. ಅಂದರೆ ಹಾರ್ಮೋನೂ ಬೇಕು, ವಂಶದ ಗುಣವೂ ಬೇಕು. ಟೆಸ್ಟೋಸ್ಟಿರೋನ್ ನಮ್ಮ ದೇಹದಲ್ಲೇ ಡಿಎಚ್‌ಟಿ ಎನ್ನುವ ಇನ್ನೂ ಬಲವಾದ ರೂಪಕ್ಕೆ ತಿರುಗುತ್ತದೆ. ಕೆಲವರ ಹಣೆ, ನೆತ್ತಿಯ ಕೂದಲಿನ ಬೇರುಗಳು ಅದಕ್ಕೆ ಸೂಕ್ಷ್ಮವಾಗಿರುತ್ತವೆ. ಪ್ರತಿ ಸುತ್ತಿನಲ್ಲೂ ಬೇರು ಸ್ವಲ್ಪ ಕುಗ್ಗುತ್ತದೆ. ಮುಂದಿನ ಕೂದಲು ಸ್ವಲ್ಪ ತೆಳ್ಳಗೆ, ಸ್ವಲ್ಪ ಗಿಡ್ಡಗೆ ಬರುತ್ತದೆ. ಕೊನೆಗೆ ಕೈಯ ಮೇಲಿನ ರೋಮದಷ್ಟಾಗುತ್ತದೆ. ತಲೆಯ ಹಿಂಭಾಗ, ಕಿವಿಯ ಮೇಲಿನ ಕೂದಲಿಗೆ ಡಿಎಚ್‌ಟಿಯ ಕಾಟ ಅಷ್ಟಿಲ್ಲ. ಬೋಳುತಲೆಯವರ ದೇಹದಲ್ಲಿ ಹಾರ್ಮೋನ್ ಹೆಚ್ಚಿದೆ ಎನ್ನುವುದೂ ತಪ್ಪು, ಕಡಿಮೆಯಿದೆ ಎನ್ನುವುದೂ ತಪ್ಪು. ‘ಸೋದರಮಾವನ ತಲೆ ನೋಡಿದರೆ ಸಾಕು’ ಎನ್ನುವ ಮಾತಿನಲ್ಲಿ ಅರ್ಧ ನಿಜವಿದೆ. ಒಂದು ಮುಖ್ಯ ವಂಶವಾಹಿ ತಾಯಿಯ ಕಡೆಯಿಂದಲೇ ಬರುತ್ತದೆ. ಆದರೆ ಇನ್ನೂ ಹತ್ತಾರು ವಂಶವಾಹಿಗಳು ಸೇರಿಕೊಂಡಿವೆ, ತಂದೆಯ ಕಡೆಯವೂ ಲೆಕ್ಕಕ್ಕೆ ಬರುತ್ತವೆ.

ಹಾಗಾದರೆ ಬೋರ್‌ವೆಲ್ ನೀರು? ನಾಲೆ ನೀರು ಬಾರದ ಊರುಗಳಿಂದ ಬರುವ ಪ್ರತಿಯೊಬ್ಬರೂ ಇದನ್ನು ಕೇಳುತ್ತಾರೆ. ಬೆಂಗಳೂರಿನ ಪಿಜಿಗಳಲ್ಲಿ ಇರುವವರಂತೂ ಖಂಡಿತ ಕೇಳುತ್ತಾರೆ. ಗಡುಸು ನೀರಿನಿಂದ ಕೂದಲು ಒರಟಾಗುತ್ತದೆ, ಸಿಕ್ಕಾಗುತ್ತದೆ, ನಡುವೆ ತುಂಡಾಗುತ್ತದೆ. ಬೇರು ಕುಗ್ಗುವುದಿಲ್ಲ. ಹೆಲ್ಮೆಟ್ಟಿನಿಂದಲೂ ಬೋಳಾಗುವುದಿಲ್ಲ. ಕೂದಲಿನ ನೆಪದಲ್ಲಿ ಹೆಲ್ಮೆಟ್ ಬಿಡುವ ಹುಡುಗರನ್ನು ಎಕ್ಸ್‌ಪ್ರೆಸ್‌ವೇ ಪಕ್ಕದ ಸರ್ವಿಸ್ ರಸ್ತೆಯಲ್ಲಿ ನೋಡುವಾಗ ನನಗೆ ನಿಜಕ್ಕೂ ಹೊಟ್ಟೆ ಕಿವುಚುತ್ತದೆ. ಒಳಗೆ ತೆಳುವಾದ ಹತ್ತಿ ಬಟ್ಟೆ ಕಟ್ಟಿಕೊಳ್ಳಿ, ಹೆಲ್ಮೆಟ್ಟನ್ನು ಆಗಾಗ ಬಿಸಿಲಿಗೆ ಹಾಕಿ, ಅಷ್ಟು ಸಾಕು. ನಂಜನಗೂಡಿನಲ್ಲೋ ಮಲೆ ಮಹದೇಶ್ವರ ಬೆಟ್ಟದಲ್ಲೋ ಮುಡಿ ಕೊಟ್ಟರೆ ಕೂದಲು ದಟ್ಟವಾಗಿ ಬರುತ್ತದೆ ಎನ್ನುತ್ತಾರೆ. ಹರಕೆ ಇದ್ದರೆ ಭಕ್ತಿಯಿಂದ ಕೊಡಿ. ಬೋಳಿಸಿದ ಕೂದಲಿನ ತುದಿ ಮೊಂಡಾಗಿರುವುದರಿಂದ ಕೈಗೆ ದಪ್ಪ ಅನ್ನಿಸುತ್ತದೆ. ಬೇರು ಇರುವುದು ಚರ್ಮದ ಒಳಗೆ, ಕತ್ತಿ ಅಲ್ಲಿಗೆ ಮುಟ್ಟುವುದೇ ಇಲ್ಲ.

ಎಣ್ಣೆಯ ಬಗ್ಗೆ ಸ್ವಲ್ಪ ನಿಧಾನವಾಗಿ ಮಾತಾಡಬೇಕು. ಯಾಕೆಂದರೆ ನಮ್ಮ ಪಕ್ಕದಲ್ಲೇ, ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿ ಸಮುದಾಯದವರ ಕೂದಲೆಣ್ಣೆ ಇವತ್ತು ದೇಶಕ್ಕೆಲ್ಲ ಗೊತ್ತಾಗಿದೆ. ಅಲೆಮಾರಿಗಳಾಗಿದ್ದವರು ಒಂದು ಕಡೆ ನೆಲೆ ನಿಂತು, ತಮ್ಮ ಸೊಪ್ಪು ಬೇರಿನ ತಿಳಿವಳಿಕೆಯಿಂದ ಬದುಕು ಕಟ್ಟಿಕೊಂಡಿದ್ದಾರೆ. ಆ ದುಡಿಮೆಯ ಬಗ್ಗೆ ನನಗೆ ಗೌರವವಿದೆ. ಎಣ್ಣೆ, ಅದು ಯಾವುದೇ ಇರಲಿ, ಕೂದಲಿನ ಎಳೆಯನ್ನು ಕಾಪಾಡುತ್ತದೆ. ಕೊಬ್ಬರಿ ಎಣ್ಣೆ ಎಳೆಯೊಳಕ್ಕೆ ಇಳಿದು ತೊಳೆಯುವಾಗ ಆಗುವ ಪ್ರೋಟೀನ್ ನಷ್ಟವನ್ನು ತಗ್ಗಿಸುತ್ತದೆ ಎನ್ನುವುದು ಪ್ರಯೋಗದಿಂದ ಗೊತ್ತಾಗಿದೆ. ಅಜ್ಜಿ ತಲೆಗೆ ಎಣ್ಣೆ ತಟ್ಟುವುದರಲ್ಲಿರುವ ನೆಮ್ಮದಿ ಬೇರೆ. ಆದರೆ ಡಿಎಚ್‌ಟಿಯಿಂದ ಕುಗ್ಗುತ್ತಿರುವ ಬೇರಿಗೆ ಎಣ್ಣೆಯಿಂದ ಪ್ರಯೋಜನವಿಲ್ಲ. ‘ಬೋಳು ವಾಸಿ ಮಾಡುತ್ತೇವೆ’ ಎಂದು ಯಾರೇ ಹೇಳಿದರೂ, ಅದು ಇಂಗ್ಲಿಷ್ ಔಷಧಿಯವರಾದರೂ ಸರಿ, ಒಂದು ವಿಷಯ ನೆನಪಿಡಿ: 1945ರ ನಮ್ಮ ಔಷಧ ನಿಯಮಗಳಲ್ಲಿ ‘ಜೆ’ ಎನ್ನುವ ಅನುಸೂಚಿ ಇದೆ. ಯಾವ ಯಾವ ಕಾಯಿಲೆಗಳನ್ನು ವಾಸಿ ಮಾಡುತ್ತೇವೆಂದು ಔಷಧಿ ಮಾರುವವರು ಹೇಳಿಕೊಳ್ಳುವಂತಿಲ್ಲವೋ ಅವುಗಳ ಪಟ್ಟಿ ಅದು. ಆ ಪಟ್ಟಿಯಲ್ಲಿ ಬೋಳುತಲೆಯೂ ಇದೆ.

ಬಯೋಟಿನ್ ಎನ್ನುವ ವಿಟಮಿನ್ ಮಾತ್ರೆ ಹುಡುಗರ ಹಾಸ್ಟೆಲ್‌ಗಳಲ್ಲಿ ಈಗ ಚಾಕೊಲೇಟಿನಷ್ಟು ಸಲೀಸಾಗಿದೆ. ಬಯೋಟಿನ್ ಕೊರತೆ ಇದ್ದವರಿಗೆ ಅದು ಬೇಕು. ಹೊಟ್ಟೆ ತುಂಬ ಉಣ್ಣುವವರಲ್ಲಿ ಆ ಕೊರತೆ ಅಪರೂಪ. ಜೊತೆಗೆ ಅದು ರಕ್ತ ಪರೀಕ್ಷೆಗಳನ್ನು ದಾರಿ ತಪ್ಪಿಸುತ್ತದೆ. ಥೈರಾಯ್ಡ್ ವರದಿ ತಪ್ಪಾಗಿ ಬರಬಹುದು, ಹೃದಯಾಘಾತ ಪತ್ತೆ ಮಾಡುವ ಟ್ರೋಪೋನಿನ್ ಪರೀಕ್ಷೆಯೂ ತಪ್ಪಾಗಬಹುದು.

ಔಷಧಿ ಇಲ್ಲವೇ ಎಂದರೆ, ಇದೆ. ಎರಡಕ್ಕೆ ಗಟ್ಟಿಯಾದ ಆಧಾರವಿದೆ, ಎರಡೂ ಬೇರೆ ಯಾವುದಕ್ಕೋ ಮಾಡಿದ ಔಷಧಿಗಳು. ಮಿನಾಕ್ಸಿಡಿಲ್ ಬಿ.ಪಿ. ಮಾತ್ರೆಯಾಗಿ 1979ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂತು. ಅದನ್ನು ನುಂಗಿದವರ ಮೈಮೇಲೆಲ್ಲ ರೋಮ ಬೆಳೆಯುವುದನ್ನು ಕಂಡು ಅದನ್ನೇ ತಲೆಗೆ ಹಚ್ಚುವ ದ್ರಾವಣ ಮಾಡಿದರು. 1988ರಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ಇದರ ಬಗ್ಗೆ ಹೇಳುವಾಗ ಪಾಂಡವಪುರ ಕಡೆಯ ಒಬ್ಬ ಹುಡುಗ ನೆನಪಾಗುತ್ತಾನೆ. ಬೆಂಗಳೂರಿನಲ್ಲಿ ಕೆಲಸ. ಹೆಗಲಿನ ಬ್ಯಾಗಿನಿಂದ ಬಾಟಲಿಗಳನ್ನು ಒಂದೊಂದಾಗಿ ತೆಗೆದು ನನ್ನ ಮೇಜಿನ ಮೇಲೆ ಸಾಲಾಗಿ ಇಟ್ಟ. ಬೇರೆ ಬೇರೆ ಕಂಪನಿ, ಬೇರೆ ಬೇರೆ ಬಣ್ಣದ ಮುಚ್ಚಳ. ಒಳಗಿದ್ದದ್ದೆಲ್ಲ ಅದೇ ಮಿನಾಕ್ಸಿಡಿಲ್. ಯಾವುದೂ ಕಾಲು ಭಾಗಕ್ಕಿಂತ ಹೆಚ್ಚು ಖಾಲಿಯಾಗಿರಲಿಲ್ಲ. ‘ಹಚ್ಕೊಂಡ್ ಮೂರ್ನೇ ವಾರಕ್ಕೆ ಇನ್ನೂ ಜಾಸ್ತಿ ಉದುರ್ತಾವೆ ಸಾ, ಬುಟ್ಬುಟ್ಟು ಬೇರೆ ತಗೊಳ್ತೀನಿ’ ಎಂದ. ಪ್ರತಿ ಸಲವೂ ಔಷಧಿ ಕೆಲಸ ಶುರು ಮಾಡಿದ ಹೊತ್ತಿಗೇ ಅವನು ಅದನ್ನು ಬಿಟ್ಟಿದ್ದ. ಮಿನಾಕ್ಸಿಡಿಲ್ ಹಚ್ಚಿದಾಗ ಮೊದಲ ಕೆಲವು ವಾರ ಉದುರುವುದು ಹೆಚ್ಚಾಗಬಹುದು. ಬೇರಿನಲ್ಲಿ ಸುಮ್ಮನೆ ಕೂತಿದ್ದ ಹಳೆಯ ಕೂದಲನ್ನು ಹೊಸ ಕೂದಲು ಹೊರಕ್ಕೆ ತಳ್ಳುವುದರಿಂದ ಹೀಗಾಗುತ್ತದೆ. ಫಲ ಕಾಣಲು ನಾಲ್ಕರಿಂದ ಆರು ತಿಂಗಳು ಬೇಕು, ಪೂರ್ತಿ ಗೊತ್ತಾಗಲು ವರ್ಷ ಬೇಕು. ಇದನ್ನು ಯಾರೂ ಅವನಿಗೆ ಹೇಳಿರಲಿಲ್ಲ. ಮಾರಿದವರಿಗೆ ಹೇಳುವ ಪುರುಸೊತ್ತು ಇರಲಿಲ್ಲ, ಅವನಿಗೆ ಕಾಯುವ ಧೈರ್ಯ ಇರಲಿಲ್ಲ.

ಹಚ್ಚುವ ಕ್ರಮ ಕೇಳಿ. ಒಣಗಿದ ತಲೆಗೆ, ಬೈತಲೆ ತೆಗೆದು, ಚರ್ಮಕ್ಕೆ ಮುಟ್ಟುವಂತೆ ಒಂದು ಮಿಲಿಲೀಟರ್, ದಿನಕ್ಕೆ ಎರಡು ಸಲ. ಕೂದಲಿಗೆ ಸವರಿದರೆ ವ್ಯರ್ಥ. ಕೈ ತೊಳೆಯಿರಿ, ಒಣಗುವ ಮೊದಲು ದಿಂಬಿಗೆ ತಲೆ ಕೊಡಬೇಡಿ. ಮನೆಯಲ್ಲಿ ಬೆಕ್ಕು ಇದ್ದರೆ ಬಹಳ ಎಚ್ಚರ, ಬೆಕ್ಕುಗಳಿಗೆ ಅದು ವಿಷ. ತುರಿಕೆ, ಹೊಟ್ಟು ಕೆಲವರಿಗೆ ಬರುತ್ತದೆ. ಎದೆ ಬಡಿತ ಜೋರಾದರೆ, ತಲೆ ಸುತ್ತಿದರೆ, ಕಾಲು ಊದಿಕೊಂಡರೆ ನಿಲ್ಲಿಸಿ ತೋರಿಸಿ. ನಿಲ್ಲಿಸಿದರೆ ಕೆಲವೇ ತಿಂಗಳಲ್ಲಿ ಬಂದ ಕೂದಲು ಹೋಗುತ್ತದೆ. ಹಾಗಾಗಿ ಶುರು ಮಾಡುವ ಮೊದಲೇ ‘ವರ್ಷಗಟ್ಟಲೆ ಇದನ್ನು ಹಚ್ಚಲು ನನ್ನಿಂದ ಆಗುತ್ತದೆಯೇ’ ಎಂದು ಕೇಳಿಕೊಳ್ಳಿ.

ಎರಡನೆಯದು ಫಿನಾಸ್ಟರೈಡ್. ಇದರ ಹಿಂದಿನ ಕಥೆ ಸ್ವಾರಸ್ಯವಾಗಿದೆ. ಡೊಮಿನಿಕನ್ ರಿಪಬ್ಲಿಕ್ ದೇಶದ ಒಂದು ಹಳ್ಳಿಯಲ್ಲಿ ಹುಟ್ಟುವಾಗ ಹೆಣ್ಣುಮಕ್ಕಳಂತೆ ಕಾಣುತ್ತಿದ್ದ ಕೆಲವು ಮಕ್ಕಳು ಹರೆಯದಲ್ಲಿ ಗಂಡಸರಾಗಿ ಬೆಳೆಯುತ್ತಿದ್ದರು. ಟೆಸ್ಟೋಸ್ಟಿರೋನನ್ನು ಡಿಎಚ್‌ಟಿ ಮಾಡುವ ಕಿಣ್ವ ಅವರಲ್ಲಿ ಹುಟ್ಟಿನಿಂದಲೇ ಕೊರತೆಯಾಗಿದೆ ಎಂದು 1974ರಲ್ಲಿ ಜೂಲಿಯಾನ್ ಇಂಪೆರಾಟೊ-ಮ್ಯಾಕ್‌ಗಿನ್ಲಿ ಮತ್ತವರ ಸಂಗಡಿಗರು ಪ್ರಕಟಿಸಿದರು. ಗಂಡಸರ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿ ಅಂಥವರಲ್ಲಿ ಚಿಕ್ಕದಾಗೇ ಉಳಿಯುತ್ತಿತ್ತು, ತಲೆ ಬೋಳಾಗುತ್ತಿರಲಿಲ್ಲ. ಆ ಕಿಣ್ವವನ್ನು ತಡೆಯುವ ಔಷಧಿಯೇ ಫಿನಾಸ್ಟರೈಡ್. 1992ರಲ್ಲಿ ಪ್ರಾಸ್ಟೇಟ್ ಊತಕ್ಕೆ 5 ಮಿಲಿಗ್ರಾಂ ಮಾತ್ರೆಯಾಗಿ, 1997ರಲ್ಲಿ ಕೂದಲಿಗೆ 1 ಮಿಲಿಗ್ರಾಂ ಮಾತ್ರೆಯಾಗಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಎರಡು ವರ್ಷ ನಡೆದ ಪ್ರಯೋಗದಲ್ಲಿ ಇದನ್ನು ನುಂಗಿದವರಲ್ಲಿ ನೂರಕ್ಕೆ 83 ಮಂದಿಗೆ ಕೂದಲಿನ ಎಣಿಕೆ ಇಳಿಯಲಿಲ್ಲ; ಔಷಧಿಯಿಲ್ಲದ ಹುಸಿ ಮಾತ್ರೆ ನುಂಗಿದವರಲ್ಲಿ ನೂರಕ್ಕೆ 28 ಮಂದಿಗೆ ಮಾತ್ರ ಹಾಗಾಯಿತು. ಇರುವುದನ್ನು ಉಳಿಸಿಕೊಳ್ಳುವುದೇ ಇದರ ದೊಡ್ಡ ಕೆಲಸ. ನುಣ್ಣಗಾದ ಜಾಗದಲ್ಲಿ ಕಾಡು ಬೆಳೆಸುವ ಶಕ್ತಿ ಇದಕ್ಕಿಲ್ಲ.

ಇದರ ಅಡ್ಡಪರಿಣಾಮಗಳನ್ನು ಮುಚ್ಚಿಡುವವರನ್ನೂ ನಂಬಬೇಡಿ, ಅದನ್ನೇ ದೆವ್ವ ಮಾಡಿ ಹೆದರಿಸುವವರನ್ನೂ ನಂಬಬೇಡಿ. ಪ್ರಯೋಗಗಳಲ್ಲಿ ನೂರರಲ್ಲಿ ಒಬ್ಬಿಬ್ಬರಿಗೆ ಲೈಂಗಿಕ ಆಸಕ್ತಿ ಕುಗ್ಗುವುದು, ನಿಮಿರುವಿಕೆ ಕಡಿಮೆಯಾಗುವುದು ಕಂಡುಬಂತು. ಹುಸಿ ಮಾತ್ರೆ ನುಂಗಿದವರಲ್ಲೂ ಅದಕ್ಕಿಂತ ಸ್ವಲ್ಪವೇ ಕಡಿಮೆ ಇತ್ತು. ಮಾತ್ರೆ ಬಿಟ್ಟ ಮೇಲೆ ಬಹುಪಾಲು ಜನರಿಗೆ ಸರಿಹೋಗುತ್ತದೆ. ಬಿಟ್ಟ ಮೇಲೂ ಉಳಿಯಿತು ಎಂದು ಹೇಳುವವರು ಇದ್ದಾರೆ, ಅವರ ಮಾತನ್ನು ತಳ್ಳಿಹಾಕಬಾರದು. ಖಿನ್ನತೆಯ ವಿಷಯ ಇನ್ನೂ ಗಂಭೀರ. 2022ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಆತ್ಮಹತ್ಯೆಯ ಯೋಚನೆಗಳನ್ನು ಇದರ ಮಾಹಿತಿ ಚೀಟಿಯ ಅಡ್ಡಪರಿಣಾಮಗಳ ಪಟ್ಟಿಗೆ ಸೇರಿಸಿದರು, 2025ರಲ್ಲಿ ಯೂರೋಪಿನವರೂ ಅದನ್ನು ಅಡ್ಡಪರಿಣಾಮವೆಂದು ಒಪ್ಪಿದರು. ಹಿಂದೆ ಖಿನ್ನತೆ ಬಂದಿದ್ದರೆ ವೈದ್ಯರಿಗೆ ಹೇಳಲೇಬೇಕು, ಮಾತ್ರೆ ತೆಗೆದುಕೊಳ್ಳುವಾಗ ಮನಸ್ಸು ಕುಸಿದರೆ ನಿಲ್ಲಿಸಿ ಅವತ್ತೇ ಬಂದು ಕಾಣಬೇಕು. ಮಗುವಿಗಾಗಿ ಪ್ರಯತ್ನಿಸುತ್ತಿರುವವರು ಅದನ್ನೂ ತಿಳಿಸಿ. ಗರ್ಭಿಣಿಯರು ಒಡೆದ ಮಾತ್ರೆಯನ್ನು ಮುಟ್ಟಬಾರದು, ಹೊಟ್ಟೆಯಲ್ಲಿರುವ ಗಂಡುಮಗುವಿಗೆ ತೊಂದರೆ. ಅದೇ ಕಾರಣಕ್ಕೆ ರಕ್ತದಾನ ಶಿಬಿರದಲ್ಲೂ ಈ ಮಾತ್ರೆಯ ಹೆಸರು ಹೇಳಿ. ನಿಮ್ಮ ರಕ್ತ ಒಬ್ಬ ಗರ್ಭಿಣಿಗೆ ಹೋಗಬಹುದು. ಇಲ್ಲಿರುವ ಐವತ್ತು ದಾಟಿದವರಿಗೆ ಇನ್ನೊಂದು ಮಾತು: ಪ್ರಾಸ್ಟೇಟ್ ಕ್ಯಾನ್ಸರ್ ಪತ್ತೆಗೆ ಮಾಡುವ ಪಿಎಸ್‌ಎ ಪರೀಕ್ಷೆಯ ಅಂಕಿಯನ್ನು ಈ ಔಷಧಿ ಅರ್ಧಕ್ಕೆ ಇಳಿಸುತ್ತದೆ. ವೈದ್ಯರಿಗೆ ಗೊತ್ತಿಲ್ಲದಿದ್ದರೆ ವರದಿಯನ್ನು ತಪ್ಪಾಗಿ ಓದುತ್ತಾರೆ. ಇಷ್ಟೆಲ್ಲ ಇರುವ ಮಾತ್ರೆಯನ್ನು ಗೆಳೆಯನ ಚೀಟಿ ತೋರಿಸಿ ಮೆಡಿಕಲ್ ಸ್ಟೋರಿನಲ್ಲಿ ತೆಗೆದುಕೊಳ್ಳುವುದು ಸರಿಯೇ, ನೀವೇ ಹೇಳಿ.

ಪಿಆರ್‌ಪಿ ಎಂದು ನಿಮ್ಮದೇ ರಕ್ತ ತೆಗೆದು, ಯಂತ್ರದಲ್ಲಿ ವೇಗವಾಗಿ ತಿರುಗಿಸಿ, ಬೇರ್ಪಟ್ಟ ಅಂಶವನ್ನು ತಲೆಗೆ ಚುಚ್ಚುವುದಿದೆ. ಕೆಲವರಿಗೆ ಸ್ವಲ್ಪ ಗುಣ ಕಾಣುತ್ತದೆ, ಖರ್ಚು ಜಾಸ್ತಿ, ಒಂದೊಂದು ಕಡೆ ಒಂದೊಂದು ರೀತಿ ಮಾಡುತ್ತಾರೆ. ನಾನಾಗಿ ಯಾರಿಗೂ ಮೊದಲಿಗೆ ಅದನ್ನು ಹೇಳುವುದಿಲ್ಲ.

ಕೂದಲು ನಾಟಿಯ ವಿಷಯ ಮಂಡ್ಯದವರಿಗೆ ವಿವರಿಸುವುದು ಸುಲಭ. ಒಟ್ಲಿನಿಂದ ಪೈರು ಕಿತ್ತು ಗದ್ದೆಗೆ ನೆಡುವ ಕೆಲಸವೇ ಇದು. ತಲೆಯ ಹಿಂಭಾಗ ಒಟ್ಲು, ಹಣೆ ನೆತ್ತಿ ಗದ್ದೆ. ಎಲ್ಲಿಗೆ ನೆಟ್ಟರೂ ಕೂದಲು ತನ್ನ ಹುಟ್ಟಿದ ಜಾಗದ ಗುಣವನ್ನೇ ಉಳಿಸಿಕೊಳ್ಳುತ್ತದೆ ಎಂದು ನ್ಯೂಯಾರ್ಕಿನ ನಾರ್ಮನ್ ಒರೆಂಟ್ರೈಕ್ 1959ರಲ್ಲಿ ಬರೆದರು, ಇವತ್ತಿನ ನಾಟಿಯೆಲ್ಲ ಆ ಅರಿವಿನ ಮೇಲೆ ನಿಂತಿದೆ. ಆದರೆ ಈ ಒಟ್ಲಿಗೆ ಮತ್ತೆ ಬೀಜ ಚೆಲ್ಲಲಾಗುವುದಿಲ್ಲ. ಜೀವಮಾನಕ್ಕೆ ಇರುವುದು ಅಷ್ಟೇ ಪೈರು. ಇಪ್ಪತ್ತೆರಡರ ಹುಡುಗ ಹಣೆಯ ಮೂಲೆಯನ್ನೆಲ್ಲ ತುಂಬಿಸಿಕೊಂಡು ಬರುತ್ತಾನೆ. ನೆಟ್ಟ ಕೂದಲಿನ ಹಿಂದೆ, ನೆತ್ತಿಯ ಕಡೆಯ ಕೂದಲು ಇನ್ನೂ ಉದುರುತ್ತಲೇ ಇರುತ್ತದೆ. ಮೂವತ್ತೈದಕ್ಕೆ ಮುಂದೆ ಒಂದು ಪಟ್ಟಿ ಕೂದಲು, ಅದರ ಹಿಂದೆ ಬಯಲು. ಆಗ ತುಂಬಲು ಪೈರು ಉಳಿದಿರುವುದಿಲ್ಲ. ಉದುರುವುದು ಯಾವ ಮಟ್ಟಕ್ಕೆ ಬಂದು ನಿಲ್ಲುತ್ತದೆ ಎಂದು ಅಂದಾಜಾಗುವ ತನಕ, ಔಷಧಿಯಿಂದ ಅದು ಹಿಡಿತಕ್ಕೆ ಬರುವ ತನಕ ಕಾಯಿರಿ. ಇನ್ನು, ನೆಟ್ಟ ಕೂದಲು ಕೆಲವೇ ವಾರಗಳಲ್ಲಿ ಉದುರಿಬಿಡುತ್ತದೆ. ಮತ್ತೆ ಹುಟ್ಟುವುದು ಮೂರು ನಾಲ್ಕು ತಿಂಗಳಿಗೆ, ಪೂರ್ತಿ ರೂಪ ಬರುವುದು ವರ್ಷಕ್ಕೆ. ನಿಶ್ಚಿತಾರ್ಥಕ್ಕೆ ತಿಂಗಳಿದೆ ಎಂದು ನಾಟಿ ಮಾಡಿಸಿಕೊಂಡರೆ ಫೋಟೊದಲ್ಲಿ ಬರುವುದು ಕೆಂಪಗಾದ ಹಣೆ.

ಇದು ಶಸ್ತ್ರಚಿಕಿತ್ಸೆ. ತಲೆಯ ಚರ್ಮ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಗಂಟೆಗಟ್ಟಲೆ ಮಾಡುವ ಕೆಲಸ, ಆ ಇಂಜೆಕ್ಷನ್ ಅತಿಯಾದರೆ ಜೀವಕ್ಕೇ ಅಪಾಯ. ಚರ್ಮರೋಗ ಅಥವಾ ಪ್ಲಾಸ್ಟಿಕ್ ಸರ್ಜರಿಯಂಥ ವಿಷಯಗಳಲ್ಲಿ ಸರಿಯಾದ ತರಬೇತಿ ಪಡೆದ ವೈದ್ಯರೇ ಇದನ್ನು ಮಾಡಬೇಕು, ಯೂಟ್ಯೂಬ್ ನೋಡಿ ಕಲಿತದ್ದು ತರಬೇತಿಯಲ್ಲ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರ ಸೆಪ್ಟೆಂಬರ್‌ನಲ್ಲಿ ಹೇಳಬೇಕಾಗಿ ಬಂತು. ಹಾಗಾಗಿ ನೇರವಾಗಿ ಕೇಳಿ: ಕತ್ತರಿ ಹಿಡಿಯುವವರು ಯಾರು, ಅವರ ನೋಂದಣಿ ಸಂಖ್ಯೆ ಏನು, ಏನಾದರೂ ಹೆಚ್ಚುಕಮ್ಮಿಯಾದರೆ ಆಮ್ಲಜನಕ, ತುರ್ತು ಔಷಧಿ ಇದೆಯೇ. ಮಾತಾಡಲು ಬಿಳಿ ಕೋಟಿನ ಸೇಲ್ಸ್‌ನವರನ್ನು ಮಾತ್ರ ಕೂರಿಸಿದರೆ ಎದ್ದು ಬನ್ನಿ. ‘ಈ ವಾರದೊಳಗೆ ಅಡ್ವಾನ್ಸ್ ಕಟ್ಟಿದರೆ ರಿಯಾಯಿತಿ’ ಎಂದರೂ ಎದ್ದು ಬನ್ನಿ. ಖರ್ಚಿನ ಲೆಕ್ಕ ಹಾಕುವಾಗ ಜಿಎಸ್‌ಟಿಯನ್ನೂ ಸೇರಿಸಿ. ವೈದ್ಯಕೀಯ ಸೇವೆಗೆ ಇರುವ ತೆರಿಗೆ ವಿನಾಯಿತಿ ಕೂದಲು ನಾಟಿಗೆ ಸಿಗುವುದಿಲ್ಲ. ಕಬ್ಬಿನ ಬಿಲ್ ಬಂದ ಮೇಲೆ ತೀರಿಸೋಣ ಎಂದು ಸಾಲ ಮಾಡಿ ಮಗನ ತಲೆಗೆ ನಾಟಿ ಮಾಡಿಸಲು ಹೊರಟ ತಂದೆಯನ್ನು ನಾನು ಕಂಡಿದ್ದೇನೆ. ಆ ಮಗನಿಗೆ ಆಗಿದ್ದು ಜ್ವರದ ನಂತರದ ಉದುರುವಿಕೆ. ಐದಾರು ತಿಂಗಳಲ್ಲಿ ತಾನಾಗೇ ಬಂತು.

ಏನೂ ಮಾಡದೆ ಇರುವುದೂ ಒಂದು ನಿರ್ಧಾರವೇ. ಒಬ್ಬರು ಬಸ್ ಕಂಡಕ್ಟರ್, ಮೂವತ್ತರ ಆಸುಪಾಸು. ಎಲ್ಲವನ್ನೂ ಕೇಳಿಸಿಕೊಂಡರು, ಚೀಟಿಯ ಹಿಂದೆ ತಿಂಗಳ ಖರ್ಚು ಬರೆದುಕೊಂಡರು, ಎರಡು ವಾರ ಬಿಟ್ಟು ಬಂದು ‘ಬೇಡ ಸಾರ್, ಸಣ್ಣಕ್ಕೆ ಕಟ್ ಮಾಡಿಸ್ಕೊಂಡು ಇದ್ಬುಡ್ತೀನಿ’ ಎಂದರು. ಅವರ ಮುಖದಲ್ಲಿ ಸೋಲು ಇರಲಿಲ್ಲ. ಮಷೀನ್‌ನಲ್ಲಿ ಗಿಡ್ಡಗೆ ಮಾಡಿಸಿದರೆ ತೆಳ್ಳಗಿನ ಜಾಗಕ್ಕೂ ದಟ್ಟ ಜಾಗಕ್ಕೂ ಇರುವ ವ್ಯತ್ಯಾಸ ಕಡಿಮೆಯಾಗುತ್ತದೆ. ಒಂದು ಕಡೆಯ ಉದ್ದ ಕೂದಲನ್ನು ಇನ್ನೊಂದು ಕಡೆಗೆ ಎಳೆದು ಮುಚ್ಚುವುದಕ್ಕಿಂತ ಅದು ಚೆನ್ನಾಗಿ ಕಾಣುತ್ತದೆ. ಬಿಸಿಲಿನ ಬಗ್ಗೆ ಮಾತ್ರ ಎಚ್ಚರ. ನಮ್ಮ ತಾತಂದಿರು ಪೇಟ, ರುಮಾಲು ಸುತ್ತುತ್ತಿದ್ದರು, ಗದ್ದೆಗೆ ಹೋಗುವವರು ಇವತ್ತಿಗೂ ಟವೆಲ್ ಸುತ್ತುತ್ತಾರೆ. ಕೂದಲಿಲ್ಲದ ನೆತ್ತಿಗೆ ಅದು ಬೇಕೇ ಬೇಕು.

ಮದುವೆಯ ಮಾತು ಬಿಟ್ಟು ಈ ಊರಿನಲ್ಲಿ ಕೂದಲಿನ ಮಾತು ಮುಗಿಯುವುದಿಲ್ಲ. 2023ರ ಫೆಬ್ರವರಿಯಲ್ಲಿ ನಮ್ಮ ಜಿಲ್ಲೆಯ ಅವಿವಾಹಿತ ಯುವಕರು ಹೆಣ್ಣು ಸಿಗಲಿ ಎಂದು ಮದ್ದೂರು ತಾಲ್ಲೂಕಿನಿಂದ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟರು. ಆ ಸಂಕಟ ನಿಜವಾದದ್ದು. ಜಮೀನು, ಕೆಲಸ, ಹೆಣ್ಣುಮಕ್ಕಳ ಸಂಖ್ಯೆ, ಇಷ್ಟರ ಜೊತೆಗೆ ತಲೆಕೂದಲೂ ಸೇರಿಕೊಂಡರೆ ಹುಡುಗ ಒಳಗೊಳಗೇ ಕುಸಿಯುತ್ತಾನೆ. ಆದರೂ ನಾನು ಹೇಳುವುದು, ಹುಡುಗಿಯಿಂದ ಮುಚ್ಚಿಡಬೇಡಿ. ಹೇರ್ ಪ್ಯಾಚ್ ಹಾಕಿಕೊಳ್ಳಿ, ತಪ್ಪಿಲ್ಲ, ಮಾತುಕತೆಯ ಹೊತ್ತಿಗೆ ಅವಳಿಗೆ ತಿಳಿಸಿ. ಮದುವೆಯ ನಂತರ ಗೊತ್ತಾದಾಗ ಹೆಂಡತಿಗೆ ನೋವಾಗುವುದು ಕೂದಲಿಗಾಗಿ ಅಲ್ಲ, ಹೇಳದೆ ಇದ್ದದ್ದಕ್ಕೆ.

ಇಲ್ಲಿರುವ ಅಪ್ಪ ಅಮ್ಮಂದಿರೇ, ಊಟಕ್ಕೆ ಕೂತಾಗ ಮಗನ ತಲೆಯ ಮಾತು ಎತ್ತಬೇಡಿ. ಗೆಳೆಯರೇ, ಅಡ್ಡಹೆಸರು ಇಡಬೇಡಿ. ತರಗತಿಯಲ್ಲೂ ಟೋಪಿ ತೆಗೆಯದ, ಮದುವೆ ಮನೆಗಳಿಗೆ ಬಾರದ, ಫೋಟೊ ಎಂದರೆ ಹಿಂದೆ ಸರಿಯುವ, ರಾತ್ರಿ ನಿದ್ದೆ ಬಾರದ ಹುಡುಗ ನಿಮ್ಮ ನಡುವೆ ಇದ್ದರೆ, ಅವನಿಗೆ ಬೇಕಾಗಿರುವುದು ಶಾಂಪೂ ಸಲಹೆಯಲ್ಲ. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.

ಕೊನೆಯಲ್ಲಿ ಒಬ್ಬ ತಂದೆ ಕೇಳಿದರು: ‘ನನ್ನ ಮಗನಿಗೆ ಹತ್ತೊಂಬತ್ತು. ಹಣೆ ಮೂಲೆ ಸರಿದಿದೆ. ಈಗಲೇ ಶುರು ಮಾಡಿಸಬೇಕಾ, ಬಿಡಬೇಕಾ?’

ಹರೆಯ ದಾಟುವಾಗ ಬಹುತೇಕ ಗಂಡುಮಕ್ಕಳ ಹಣೆಯ ಗೆರೆ ತುಸು ಹಿಂದಕ್ಕೆ ಸರಿಯುತ್ತದೆ, ಅದೇ ಬೋಳಿನ ಆರಂಭ ಆಗಬೇಕೆಂದಿಲ್ಲ. ಮೊದಲು ಫೋಟೊ ತೆಗೆಯಿರಿ: ಮುಂದಿನಿಂದ, ಎರಡು ಪಕ್ಕದಿಂದ, ನೆತ್ತಿಯ ಮೇಲಿಂದ. ಒಂದೇ ಜಾಗ, ಒಂದೇ ಬೆಳಕು, ಒಣಗಿದ ಕೂದಲು. ಮೂರು ತಿಂಗಳಿ‌ಗೊಮ್ಮೆ ಮತ್ತೆ ತೆಗೆಯಿರಿ. ಆರು ತಿಂಗಳಾದರೂ ಗೆರೆ ಅಲ್ಲೇ ಇದ್ದರೆ ನೆಮ್ಮದಿಯಾಗಿರಿ. ಸರಿಯುತ್ತಲೇ ಇದ್ದರೆ, ಇಲ್ಲವೇ ನೆತ್ತಿಯೂ ತೆಳುವಾಗುತ್ತಿದ್ದರೆ ಕರೆದುಕೊಂಡು ಬನ್ನಿ. ಬೇರು ಪೂರ್ತಿ ಕುಗ್ಗುವ ಮೊದಲು ಔಷಧಿ ಹೆಚ್ಚು ಕೆಲಸ ಮಾಡುತ್ತದೆ, ಆರು ತಿಂಗಳು ನೋಡಿದ್ದರಿಂದ ಏನೂ ಕೈತಪ್ಪಿ ಹೋಗುವುದಿಲ್ಲ. ಚಿಕಿತ್ಸೆ ಬೇಕೋ ಬೇಡವೋ ಎನ್ನುವುದನ್ನು ಅವನೇ ಹೇಳಲಿ. ದಿನವೂ ಹಚ್ಚಬೇಕಾದವನು, ನುಂಗಬೇಕಾದವನು ಅವನು. ಬರುವ ದಿನ ತಲೆಗೆ ಎಣ್ಣೆ ಹಚ್ಚಬೇಡಿ, ಚರ್ಮ ಕಾಣುವುದಿಲ್ಲ. ಹಳೆಯ ರಕ್ತ ಪರೀಕ್ಷೆ ವರದಿಗಳಿದ್ದರೆ ತನ್ನಿ, ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ಅದನ್ನೂ ತನ್ನಿ.